ಬಿಸಿಯಾದ ಮೇಲೆ ನಿಂತುಹೋಗುವ ಹಳೆಯ ಕಾರು: ಕಿಡಿಯೋ, ಪೆಟ್ರೋಲೋ?

ಬೆಳಿಗ್ಗೆ ಸೆಲ್ಫ್ (ಸ್ಟಾರ್ಟರ್) ಒಮ್ಮೆ ಹೊಡೆದೊಡನೆ ಎದ್ದ ಗಾಡಿ. ಜಯನಗರದಿಂದ ಹೊರಟು ಸಿಲ್ಕ್ ಬೋರ್ಡ್ ತಲುಪುವ ತನಕ ತಕರಾರಿಲ್ಲ. ಸಿಗ್ನಲ್ಲಿನಲ್ಲಿ ಹತ್ತು ನಿಮಿಷ ಸ್ಲೋದಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡಿಸುತ್ತ, ನಿಂತ ಮೇಲೆ ಎಂಜಿನ್ ನಿಂತುಹೋಗುತ್ತದೆ. ಮತ್ತೆ ಸೆಲ್ಫ್ ಹೊಡೆದರೆ ಚೆನ್ನಾಗಿಯೇ ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ. ಬದಿಗೆ ತಳ್ಳಿ, ಬಾನೆಟ್ ಎತ್ತಿ ಅರ್ಧ ಗಂಟೆ ಬಿಟ್ಟರೆ ಏನೂ ಆಗಿಯೇ ಇಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿಗೆ ಹೋಗಿ ತೋರಿಸುವ ಹೊತ್ತಿಗೆ ದೋಷವೇ ಇಲ್ಲ.

ಫಿಯಟ್ 1100, ಪದ್ಮಿನಿ, ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್ ಇಟ್ಟುಕೊಂಡವರ ಬಾಯಲ್ಲಿ ಅತಿ ಹೆಚ್ಚು ಕೇಳಿಬರುವ ದೂರು ಇದೇ. ಇದಕ್ಕೆ ಸಾಮಾನ್ಯವಾಗಿ ಆಗುವ ಚಿಕಿತ್ಸೆ ಎಂದರೆ ಕಾರ್ಬೊರೇಟರ್ ಬಿಚ್ಚಿ ತೊಳೆಯುವುದು, ಮಿಕ್ಸ್ಚರ್ ಸ್ಕ್ರೂ ಅರ್ಧ ಸುತ್ತು ತಿರುಗಿಸುವುದು, ಪ್ಲಗ್ ಉಜ್ಜುವುದು. ಗಾಡಿ ಅಷ್ಟರಲ್ಲಿ ತಣ್ಣಗಾಗಿರುವುದರಿಂದ ಸ್ಟಾರ್ಟ್ ಆಗುತ್ತದೆ, ಎಲ್ಲರಿಗೂ ಸರಿಹೋಯಿತು ಅನ್ನಿಸುತ್ತದೆ. ಮುಂದಿನ ಭಾನುವಾರ ಹೆಬ್ಬಾಳದ ಫ್ಲೈಓವರ್ ಮೇಲೆ ಅದೇ ಕಥೆ. ಈ ಸಲ ಸೆಟ್ಟಿಂಗ್ ಕೂಡ ಕೆಟ್ಟಿರುತ್ತದೆ. ಮೊದಲು ಒಂದಿದ್ದ ದೋಷ ಈಗ ಎರಡು.

ಬಿಸಿಗೆ ಬರುವ ದೋಷವನ್ನು ಬಿಸಿಯಲ್ಲೇ ಹಿಡಿಯಬೇಕು. ನಿಂತ ಜಾಗದಲ್ಲಿ, ನಿಂತ ಎರಡು ಮೂರು ನಿಮಿಷದೊಳಗೆ, ಇಲ್ಲದೆ ಹೋಗಿರುವುದು ಕಿಡಿಯೋ ಪೆಟ್ರೋಲೋ ಎಂದು ತೀರ್ಮಾನಿಸಬೇಕು. ಅದಾಗುವ ತನಕ ಯಾವ ಸ್ಕ್ರೂವನ್ನೂ ಮುಟ್ಟಬಾರದು. ಕೆಳಗಿನದೆಲ್ಲ ಪಾಯಿಂಟ್ (ಕಿಡಿ ಹುಟ್ಟಿಸಲು ಕರೆಂಟನ್ನು ಕೂಡಿಸಿ ಕಡಿಯುವ ಪುಟ್ಟ ಸ್ವಿಚ್ಚು) ಮತ್ತು ಕಂಡೆನ್ಸರ್ (ಪಾಯಿಂಟ್ ತೆರೆದಾಗ ಅದರ ಮುಖ ಸುಡದಂತೆ ಕಾಯುವ ಡಬ್ಬಿ) ಇರುವ, ಮೆಕ್ಯಾನಿಕಲ್ ಪೆಟ್ರೋಲ್ ಪಂಪ್ ಇರುವ, ನಾಲ್ಕು ಸಿಲಿಂಡರಿನ ಗಾಡಿಗಳಿಗೆ ಸಂಬಂಧಿಸಿದ್ದು.

ಡಿಕ್ಕಿಯಲ್ಲಿ ಒಂದು ಡಬ್ಬ

ಎರಡು ಕ್ಲಿಪ್ ಇರುವ 12 ವೋಲ್ಟಿನ ಟೆಸ್ಟ್ ಲ್ಯಾಂಪ್, ಮಲ್ಟಿಮೀಟರ್, ಫೀಲರ್ ಗೇಜ್, ಪಾಯಿಂಟ್ ಫೈಲ್, ಎರಡು ತುದಿಗೂ ಕ್ಲಿಪ್ ಹಾಕಿದ ಒಂದು ಮೀಟರ್ ವೈರ್, ಹಿಡಿಕೆಗೆ ರಬ್ಬರ್ ಇರುವ ಕಟಿಂಗ್ ಪ್ಲೇಯರ್, ಮುಚ್ಚಳವಿರುವ ಅರ್ಧ ಲೀಟರಿನ ಗಟ್ಟಿ ಬಾಟಲಿ, ಹತ್ತಿ ಬಟ್ಟೆ, ಎರಡು ಲೀಟರ್ ನೀರು, ಬೆಂಕಿ ಆರಿಸುವ ಸಿಲಿಂಡರ್. ಜೊತೆಗೆ ಒಂದು ಕಂಡೆನ್ಸರ್, ಒಂದು ರೋಟರ್ (ಕಿಡಿಯನ್ನು ಸರದಿಯಂತೆ ಪ್ಲಗ್ಗುಗಳ ಕಡೆ ಹಾಯಿಸುತ್ತ ತಿರುಗುವ ತುಂಡು), ಒಂದು ಜೊತೆ ಪಾಯಿಂಟ್. ಈ ಬಿಡಿಭಾಗಗಳು ಹೊಸ ಪೊಟ್ಟಣದಲ್ಲಿರುವುದಕ್ಕಿಂತ ಇದೇ ಗಾಡಿಯಲ್ಲಿ ಕೆಲವು ನೂರು ಕಿಲೋಮೀಟರ್ ಓಡಿ ಪರೀಕ್ಷೆಯಾದದ್ದಾಗಿದ್ದರೆ ಒಳ್ಳೆಯದು. ಜೆ.ಸಿ. ರಸ್ತೆಯಲ್ಲಿ ಹೊಸದು ಸಿಗುತ್ತದೆ ನಿಜ, ಆದರೆ ಈಗ ಬರುವ ಕಂಡೆನ್ಸರುಗಳಲ್ಲಿ ಹೊಸದಾಗಿದ್ದೇ ಕೆಟ್ಟಿರುವವು ಕಡಿಮೆಯೇನಿಲ್ಲ.

ನಿಂತದ್ದು ಹೇಗೆ?

ಬಾನೆಟ್ ಎತ್ತುವ ಮೊದಲು ಇದನ್ನು ನೆನಪು ಮಾಡಿಕೊಳ್ಳಿ. ಯಾರೋ ಕೀ ತಿರುಗಿಸಿ ಆಫ್ ಮಾಡಿದ ಹಾಗೆ ಒಮ್ಮೆಲೇ ನಿಂತಿತೆ? ಹಾಗಿದ್ದರೆ ಅನುಮಾನ ಮೊದಲು ಇಗ್ನಿಷನ್ ಕಡೆಗೆ. ಎಳೆತ ಕಡಿಮೆಯಾಗುತ್ತ, ಆಕ್ಸಿಲರೇಟರ್ ಒತ್ತಿದರೆ ಇನ್ನಷ್ಟು ಕುಸಿಯುತ್ತ, ಚೋಕ್ ಎಳೆದರೆ ಒಂದು ಕ್ಷಣ ಚೇತರಿಸಿಕೊಂಡು, ಕೊನೆಗೆ ನಿಂತಿತೆ? ಪೆಟ್ರೋಲ್ ಸಾಲುತ್ತಿಲ್ಲ. ನಿಲ್ಲುವ ಮುಂಚೆ ಕಪ್ಪು ಹೊಗೆ, ಪೆಟ್ರೋಲ್ ವಾಸನೆ ಇತ್ತೆ? ಪೆಟ್ರೋಲ್ ಹೆಚ್ಚಾಗಿದೆ. ಸೈಲೆನ್ಸರಿನಲ್ಲಿ ಪಟಾಕಿ ಹೊಡೆದಂತೆ ಸದ್ದು ಬರುತ್ತಿದ್ದರೆ ಕಿಡಿ ಆಗಾಗ ತಪ್ಪುತ್ತಿದೆ. ಸುಡದ ಪೆಟ್ರೋಲ್ ಬಿಸಿ ಎಕ್ಸಾಸ್ಟಿಗೆ ಹೋಗಿ ಅಲ್ಲಿ ಹೊತ್ತಿಕೊಳ್ಳುತ್ತಿದೆ. ಕಾರ್ಬೊರೇಟರ್ ಕಡೆ ಸೀನಿದಂತೆ ಸದ್ದಾದರೆ ಮಿಶ್ರಣ ತೆಳು (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ), ಇಲ್ಲವೇ ಇನ್‌ಲೆಟ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಇವೆಲ್ಲ ಸುಳಿವು ಮಾತ್ರ. ತೀರ್ಮಾನಕ್ಕೆ ಪರೀಕ್ಷೆ ಬೇಕು.

ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನ ನಡುವಿನಿಂದ, ಕಿಡಿಯ ವೋಲ್ಟೇಜ್ ಹುಟ್ಟಿಸುವ ಕಾಯಿಲಿನ ದಪ್ಪ ವೈರನ್ನು ಕೀಳಿ. ಅದರ ತುದಿಯನ್ನು ರಬ್ಬರ್ ಹಿಡಿಕೆಯ ಪ್ಲೇಯರಿನಲ್ಲಿ ಹಿಡಿದು, ಕಾರ್ಬೊರೇಟರಿನಿಂದ ದೂರದಲ್ಲಿ, ಎಂಜಿನ್ನಿನ ಬರಿಯ ಲೋಹದಿಂದ 6 ಮಿ.ಮೀ. ಅಂತರದಲ್ಲಿಟ್ಟು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಎಲ್ಲಾದರೂ ಪೆಟ್ರೋಲ್ ಸೋರಿದ್ದರೆ ಈ ಪರೀಕ್ಷೆ ಬೇಡ. ನೀಲಿ ಬಣ್ಣದ, ಚಟ್ ಚಟ್ ಎಂದು ಕೇಳಿಸುವ ಕಿಡಿ ಹಾರಿದರೆ ಕಾಯಿಲ್, ಪಾಯಿಂಟ್, ಕಂಡೆನ್ಸರ್ ಮೂರೂ ಕೆಲಸ ಮಾಡುತ್ತಿವೆ. ಎಳೆ ನೂಲಿನಂತೆ ಹಳದಿ ಕಿಡಿಯಾದರೆ ಅದನ್ನು ಕಿಡಿ ಇಲ್ಲವೆಂದೇ ಲೆಕ್ಕ ಹಿಡಿಯಿರಿ. ಬಯಲಿನಲ್ಲಿ ಹಾರುವ ಇಂಥ ಕಿಡಿ ಸಿಲಿಂಡರಿನ ಒತ್ತಡದಲ್ಲಿ ಹಾರುವುದಿಲ್ಲ.

ಕಿಡಿ ಇಲ್ಲದಿದ್ದರೆ

ಕಾಯಿಲಿಗೆ ಎರಡು ಸಣ್ಣ ಟರ್ಮಿನಲ್ ಇರುತ್ತವೆ. ಒಂದು ಕೀ ಕಡೆಯಿಂದ ಬರುವುದು, ಇನ್ನೊಂದು ಡಿಸ್ಟ್ರಿಬ್ಯೂಟರ್ ಕಡೆಗೆ ಹೋಗುವುದು. ಹಳೆಯ ಲೂಕಾಸ್ ಕಾಯಿಲಿನ ಮೇಲೆ ಕ್ರಮವಾಗಿ ಎಸ್‌ಡಬ್ಲ್ಯೂ, ಸಿಬಿ ಎಂದು ಬರೆದಿರುತ್ತದೆ. ಬ್ರಿಟಿಷ್ ಮೂಲದ ಹಳೆಯ ಗಾಡಿಗಳಲ್ಲಿ ಪಾಸಿಟಿವ್ ಅರ್ತ್ ಇರಬಹುದು. ಬ್ಯಾಟರಿಯ ಯಾವ ಕಡೆ ಬಾಡಿಗೆ ಕೂಡಿದೆ ಎಂದು ನೋಡಿಕೊಂಡೇ ಮೀಟರ್ ಹಚ್ಚಿ. ಟೆಸ್ಟ್ ಲ್ಯಾಂಪಿಗೆ ಇದರ ಗೊಡವೆ ಇಲ್ಲ.

ಕೀ ಆನ್ ಮಾಡಿ ಲ್ಯಾಂಪಿನ ಒಂದು ಕ್ಲಿಪ್ ಅರ್ತಿಗೆ, ಇನ್ನೊಂದು ಕೀ ಕಡೆಯ ಟರ್ಮಿನಲ್ಲಿಗೆ. ಉರಿಯದಿದ್ದರೆ ಕರೆಂಟ್ ಕಾಯಿಲಿಗೇ ಬರುತ್ತಿಲ್ಲ: ಇಗ್ನಿಷನ್ ಸ್ವಿಚ್ಚು, ವೈರಿನ ಜಾಯಿಂಟು ನೋಡಿ. ಬ್ಯಾಟರಿಯಿಂದ ಈ ಟರ್ಮಿನಲ್ಲಿಗೆ ನೇರ ಒಂದು ವೈರ್ ಕೊಟ್ಟಾಗ ಗಾಡಿ ಎದ್ದರೆ ತಪ್ಪು ಅಲ್ಲೇ ಇದೆ. ಬಲಾಸ್ಟ್ (ಕಾಯಿಲಿಗೆ ಹೋಗುವ ಕರೆಂಟನ್ನು ತಗ್ಗಿಸುವ ರೋಧಕ) ಇರುವ ಗಾಡಿಯಲ್ಲಿ ಈ ನೇರ ವೈರನ್ನು ಹೆಚ್ಚು ಹೊತ್ತು ಬಿಡಬಾರದು.

ಉರಿದರೆ ಕ್ಲಿಪ್ಪನ್ನು ಡಿಸ್ಟ್ರಿಬ್ಯೂಟರ್ ಕಡೆಯ ಟರ್ಮಿನಲ್ಲಿಗೆ ಬದಲಿಸಿ ಸೆಲ್ಫ್ ಹೊಡೆಸಿ. ಲ್ಯಾಂಪ್ ಮಿಣುಕಬೇಕು. ಮಿಣುಕುವುದು ಎಂದರೆ ಪಾಯಿಂಟ್ ತೆರೆದು ಮುಚ್ಚುತ್ತಿದೆ ಎಂದರ್ಥ. ಉರಿದೇ ಇದ್ದರೆ ಪಾಯಿಂಟ್ ಕೂಡುತ್ತಿಲ್ಲ, ಇಲ್ಲವೇ ಒಳಗಿನ ವೈರ್ ತುಂಡಾಗಿದೆ. ಉರಿಯದೇ ಇದ್ದರೆ ಡಿಸ್ಟ್ರಿಬ್ಯೂಟರಿಗೆ ಹೋಗುವ ವೈರನ್ನು ಕಾಯಿಲಿನಿಂದ ಬಿಚ್ಚಿ ಮತ್ತೆ ನೋಡಿ: ಈಗ ಉರಿದರೆ ಕಾಯಿಲ್ ಸರಿ, ಡಿಸ್ಟ್ರಿಬ್ಯೂಟರ್ ಒಳಗೆ ಏನೋ ಅರ್ತ್ ಆಗಿದೆ. ಈಗಲೂ ಉರಿಯದಿದ್ದರೆ ಕಾಯಿಲಿನ ಪ್ರೈಮರಿ, ಅಂದರೆ ಬ್ಯಾಟರಿಯ ಕರೆಂಟ್ ಹರಿಯುವ ಸುತ್ತು, ಕಡಿದಿದೆ. ಬಿಸಿಗೆ ಕಡಿದು ತಣ್ಣಗಾದಾಗ ಕೂಡಿಕೊಳ್ಳುವ ಕಾಯಿಲನ್ನು ಹಿಡಿಯಲು ಈ ಲ್ಯಾಂಪಿಗಿಂತ ಒಳ್ಳೆಯ ಉಪಾಯವಿಲ್ಲ.

ಲ್ಯಾಂಪ್ ಸರಿಯಾಗಿ ಮಿಣುಕುತ್ತಿದೆ, ಆದರೂ ಕಿಡಿ ಇಲ್ಲ ಅಥವಾ ಹಳದಿಯಾಗಿದೆ ಎಂದರೆ ಉಳಿಯುವುದು ಕಂಡೆನ್ಸರ್ ಮತ್ತು ಕಾಯಿಲಿನ ಸೆಕೆಂಡರಿ, ಅಂದರೆ ಕಿಡಿಯ ವೋಲ್ಟೇಜ್ ಹುಟ್ಟುವ ಸುತ್ತು. ಬಿಸಿಗೆ ನಿಲ್ಲುವ ಗಾಡಿಗಳಲ್ಲಿ ಅನುಮಾನ ಮೊದಲು ಕಂಡೆನ್ಸರಿನ ಮೇಲೆ ಹೋಗಬೇಕು. ಹೆಬ್ಬೆರಳಿಗಿಂತ ಚಿಕ್ಕದಾದ ಈ ಡಬ್ಬಿಯೊಳಗೆ ತೆಳು ಲೋಹದ ಹಾಳೆಯ ಸುರುಳಿ ಇರುತ್ತದೆ. ಅದಕ್ಕೂ ಹೊರಗಿನ ವೈರಿಗೂ ಇರುವ ಸಂಪರ್ಕ ಎಂಜಿನ್ನಿನ ಶಾಖಕ್ಕೆ ಹಿಗ್ಗಿ ಬಿಟ್ಟುಕೊಳ್ಳುತ್ತದೆ, ತಣ್ಣಗಾದರೆ ಕೂಡಿಕೊಳ್ಳುತ್ತದೆ. ರಸ್ತೆಯಲ್ಲೇ ಪರೀಕ್ಷಿಸಲು ಡಿಸ್ಟ್ರಿಬ್ಯೂಟರ್ ಬಿಚ್ಚಬೇಕಾಗಿಲ್ಲ. ಜೊತೆಗಿರುವ ಒಳ್ಳೆಯ ಕಂಡೆನ್ಸರಿನ ವೈರನ್ನು ಕಾಯಿಲಿನ ಡಿಸ್ಟ್ರಿಬ್ಯೂಟರ್ ಕಡೆಯ ಟರ್ಮಿನಲ್ಲಿಗೆ, ಅದರ ಡಬ್ಬಿಯನ್ನು ಅರ್ತಿಗೆ ಕ್ಲಿಪ್ ಮಾಡಿ ಸೆಲ್ಫ್ ಹೊಡೆಯಿರಿ. ನೀಲಿ ಕಿಡಿ ಬಂದರೆ ಒಳಗಿನದು ಸತ್ತಿದೆ. ಹಾಗೆಯೇ ಕಟ್ಟಿಕೊಂಡು ಮನೆ ಸೇರಬಹುದು. ಒಳಗಿನದು ಶಾರ್ಟ್ ಆಗಿದ್ದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಆಗ ಲ್ಯಾಂಪ್ ಮೊದಲೇ ಮಿಣುಕುತ್ತಿರಲಿಲ್ಲ.

ಮನೆಯಲ್ಲಿ ಮೀಟರ್ ಹಿಡಿದು ನೋಡುವುದಾದರೆ ಕಂಡೆನ್ಸರಿನ ಸಾಮರ್ಥ್ಯ 0.18ರಿಂದ 0.25 ಮೈಕ್ರೊಫ್ಯಾರಡ್ ಒಳಗೆ ಬರಬೇಕು. ತಣ್ಣಗಿರುವಾಗ ಸರಿಯಾಗಿ ತೋರಿಸಿದರೆ ನಂಬಬೇಡಿ. ಕೂದಲು ಒಣಗಿಸುವ ಡ್ರೈಯರಿನಿಂದ ಎರಡು ನಿಮಿಷ ಬಿಸಿ ಮಾಡುತ್ತ, ವೈರನ್ನು ಅತ್ತಿತ್ತ ಅಲುಗಿಸುತ್ತ ಮೀಟರ್ ನೋಡಿ. ಅಂಕಿ ಜಿಗಿದಾಡಿದರೆ ಅದು ಕಸದ ಬುಟ್ಟಿಗೆ.

ಕಾಯಿಲಿನ ವಿಷಯದಲ್ಲಿ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ಬಲಾಸ್ಟ್ ಇಲ್ಲದ ಗಾಡಿಗೆ ಪ್ರೈಮರಿ ಸುಮಾರು 3 ಓಮ್ ಇರುವ ಕಾಯಿಲ್ ಬೇಕು. ಅಂಗಡಿಯಲ್ಲಿ ಸಿಕ್ಕಿತೆಂದು 1.5 ಓಮಿನ ಬಲಾಸ್ಟ್ ಕಾಯಿಲ್ ಹಾಕಿದರೆ 4 ಆಂಪಿಯರ್ ಹರಿಯಬೇಕಾದ ಕಡೆ 8 ಆಂಪಿಯರ್ ಹರಿಯುತ್ತದೆ. ಮೊದಮೊದಲು ಕಿಡಿ ಜೋರಾಗಿಯೇ ಇರುತ್ತದೆ, ಪಿಕಪ್ ಹೆಚ್ಚಿತೆಂದೂ ಅನ್ನಿಸುತ್ತದೆ. ಆಮೇಲೆ ಪಾಯಿಂಟ್ ನೀಲಿಗಟ್ಟಿ ಸುಡುತ್ತದೆ, ಕಾಯಿಲ್ ಕೈ ಇಡಲಾಗದಷ್ಟು ಕಾಯುತ್ತದೆ, ಟ್ರಾಫಿಕ್ಕಿನಲ್ಲಿ ನಿಲ್ಲುತ್ತದೆ. ಎರಡೂ ವೈರ್ ಬಿಚ್ಚಿಯೇ ಓಮ್ ಅಳೆಯಿರಿ. ತಾಮ್ರದ ರೋಧ ಬಿಸಿಗೆ ಏರುವುದರಿಂದ 25 ಡಿಗ್ರಿಯಲ್ಲಿ 3.0 ತೋರಿಸುವ ಕಾಯಿಲ್ 75 ಡಿಗ್ರಿಯಲ್ಲಿ 3.6 ತೋರಿಸುವುದು ಸಹಜ, ಅದು ದೋಷವಲ್ಲ. ಒಮ್ಮೆಲೇ ಹತ್ತಾರು ಓಮಿಗೆ ಹೋದರೆ ದೋಷ.

ಕ್ಯಾಪ್ ತೆಗೆದು ಒಳಗೆ ನೋಡುವಾಗ ಎಲ್ಲರ ಕಣ್ಣೂ ಪಾಯಿಂಟಿನ ಮೇಲೇ ಹೋಗುತ್ತದೆ. ಅದರ ಪಕ್ಕದಲ್ಲೇ ಎರಡು ಮೂರು ಅಂಗುಲದ ಒಂದು ಮೆತ್ತನೆಯ ವೈರ್ ಹೊರಗಿನ ಟರ್ಮಿನಲ್ಲಿನಿಂದ ಪಾಯಿಂಟಿಗೆ ಬಂದಿರುತ್ತದೆ. ಪಾಯಿಂಟ್ ಕೂತಿರುವ ತಟ್ಟೆ ವ್ಯಾಕ್ಯೂಮ್ ಅಡ್ವಾನ್ಸಿನಿಂದಾಗಿ (ಮ್ಯಾನಿಫೋಲ್ಡಿನ ನಿರ್ವಾತಕ್ಕೆ ತಕ್ಕಂತೆ ಕಿಡಿಯ ಹೊತ್ತನ್ನು ಬದಲಿಸುವ ಏರ್ಪಾಡು) ಪ್ರತಿ ಸಲ ಆಕ್ಸಿಲರೇಟರ್ ಒತ್ತಿ ಬಿಟ್ಟಾಗಲೂ ತುಸು ತಿರುಗುತ್ತದೆ. ಈ ವೈರ್ ಅಷ್ಟೂ ಸಲ ಬಾಗುತ್ತದೆ. ವರ್ಷಗಟ್ಟಲೆ ಬಾಗಿ ಬಾಗಿ ಒಳಗಿನ ಎಳೆಗಳು ಒಂದೊಂದಾಗಿ ಕಡಿದು, ಹೊರಗಿನ ಹೊದಿಕೆ ಮಾತ್ರ ಹಿಡಿದುಕೊಂಡಿರುತ್ತದೆ. ನೋಡಲು ಪೂರ್ತಿ ವೈರ್. ಚಿಮುಟದಿಂದ ಮೆಲ್ಲಗೆ ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆ! ಸ್ಲೋದಲ್ಲಿ ಸರಿ, ವೇಗ ಏರಿಸುವಾಗ ಮಾತ್ರ ಮಿಸ್ಸಿಂಗ್ ಎಂಬ ದೂರಿದ್ದರೆ ಇದನ್ನು ಮೊದಲು ನೋಡಿ. ತಟ್ಟೆಯನ್ನು ಡಿಸ್ಟ್ರಿಬ್ಯೂಟರ್ ಬಾಡಿಗೆ ಕೂಡಿಸುವ ಅರ್ತ್ ವೈರಿನದೂ ಇದೇ ಪಾಡು. ಬದಲಿಗೆ ಹಾಕುವಾಗ ಸಾಮಾನ್ಯ ಗಟ್ಟಿ ವೈರ್ ಹಾಕಬೇಡಿ, ತಿಂಗಳಲ್ಲಿ ಮುರಿಯುತ್ತದೆ. ಬಹಳ ಸಣ್ಣ ಎಳೆಗಳಿರುವ, ಮೀಟರಿನ ಪ್ರೋಬಿಗೆ ಬಳಸುವಂಥ ಮೆದು ವೈರೇ ಬೇಕು.

ಪಾಯಿಂಟಿನ ಮುಖ ಬೂದು ಬಣ್ಣಕ್ಕಿದ್ದರೆ ಆರೋಗ್ಯ. ಒಂದು ಮುಖದಲ್ಲಿ ಗುಂಡಿ, ಎದುರಿನದರಲ್ಲಿ ದಿಬ್ಬ ಎದ್ದಿದ್ದರೆ ಕಂಡೆನ್ಸರ್ ಹೊಂದಾಣಿಕೆಯಾಗುತ್ತಿಲ್ಲ. ಕಪ್ಪು ಎಣ್ಣೆಯ ಗೆರೆ ಇದ್ದರೆ ಪಾಯಿಂಟನ್ನು ತೆರೆಯುವ ಕ್ಯಾಮಿಗೆ ಗ್ರೀಸ್ ಹೆಚ್ಚು ಹಾಕಿದ್ದಾರೆ. ಎಮೆರಿ ಕಾಗದದಿಂದ ಉಜ್ಜಬೇಡಿ. ಅದರ ಹರಳು ಲೋಹದಲ್ಲಿ ಕಚ್ಚಿಕೊಂಡು ಮತ್ತೆ ಸುಡುತ್ತದೆ. ಪಾಯಿಂಟ್ ಫೈಲಿನಿಂದ ಎರಡೆಳೆತ, ಆಮೇಲೆ ಒಣ ಕಾಗದ ತೂರಿಸಿ ಎಳೆಯುವುದು. ಹೊಸ ಪಾಯಿಂಟಿನ ಮೇಲೆ ತುಕ್ಕು ಹಿಡಿಯದಂತೆ ಬಳಿದ ಎಣ್ಣೆಯ ಪೊರೆ ಇರುತ್ತದೆ. ಸ್ಪಿರಿಟ್ಟಿನಿಂದ ಒರೆಸದೆ ಹಾಕಿದರೆ ಹೊಸ ಪಾಯಿಂಟಿನಿಂದಲೇ ಗಾಡಿ ಏಳುವುದಿಲ್ಲ. ಲೂಕಾಸ್ ಡಿಸ್ಟ್ರಿಬ್ಯೂಟರಿಗೆ ಅಂತರ 0.35ರಿಂದ 0.40 ಮಿ.ಮೀ.; ಬೇರೆಯದಕ್ಕೆ ಆಯಾ ಕೈಪಿಡಿಯ ಅಂಕಿ. ಪಾಯಿಂಟ್ ಮುಚ್ಚಿದ್ದಾಗ, ಕೀ ಆನ್ ಇದ್ದಾಗ, ಕಾಯಿಲಿನ ಆ ಟರ್ಮಿನಲ್ಲಿಗೂ ಅರ್ತಿಗೂ ನಡುವೆ 0.2 ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ಹೆಚ್ಚಿದ್ದರೆ ಪಾಯಿಂಟಿನ ಮುಖ ಅಥವಾ ತಟ್ಟೆಯ ಅರ್ತ್ ಕೆಟ್ಟಿದೆ.

ಕಾಯಿಲಿನಿಂದ ಒಳ್ಳೆಯ ಕಿಡಿ ಬರುತ್ತಿದ್ದು ಪ್ಲಗ್ಗಿಗೆ ತಲುಪದಿದ್ದರೆ ರೋಟರ್ ಅಥವಾ ಕ್ಯಾಪ್. ಕ್ಯಾಪ್ ತೆಗೆದು, ಕಾಯಿಲಿನ ದಪ್ಪ ವೈರನ್ನು ರೋಟರಿನ ನಡುವಿನ ಹಿತ್ತಾಳೆಯಿಂದ 5 ಮಿ.ಮೀ. ಮೇಲೆ ಹಿಡಿದು ಸೆಲ್ಫ್ ಹೊಡೆಸಿ. ಕಿಡಿ ರೋಟರಿಗೆ ಹಾರಿದರೆ ಅದರ ಪ್ಲಾಸ್ಟಿಕ್ ತೂತಾಗಿ ಒಳಗಿನ ಶಾಫ್ಟಿಗೆ ಅರ್ತ್ ಆಗಿದೆ, ಕಣ್ಣಿಗೆ ಕಾಣದಿದ್ದರೂ ಬಿಸಾಡಿ. ಕ್ಯಾಪಿನ ಒಳಗೆ ಪೆನ್ಸಿಲಿನಲ್ಲಿ ಗೀಚಿದಂಥ ಕಪ್ಪು ಗೆರೆ ಇದ್ದರೆ ಕಿಡಿ ಅದರ ಮೇಲೆ ಹರಿದುಹೋಗುತ್ತಿದೆ. ಮಳೆಗಾಲದ ಬೆಳಿಗ್ಗೆಗಳಲ್ಲಿ ಏಳದ ಗಾಡಿಗೆ ಬಹುಪಾಲು ಇದೇ ಕಾರಣ. ವೈರ್ ಮತ್ತೆ ಹಾಕುವಾಗ ಕ್ರಮ 1-3-4-2. ಪದ್ಮಿನಿಗೂ ಅಂಬಾಸಿಡರಿಗೂ ಅದೇ, ಆದರೆ ರೋಟರ್ ಯಾವ ಕಡೆ ತಿರುಗುತ್ತದೆ ಎಂದು ಕಣ್ಣಾರೆ ನೋಡಿಕೊಂಡು ಹಾಕಿ.

ಕಿಡಿ ಇದ್ದು ಪೆಟ್ರೋಲ್ ಬಾರದಿದ್ದರೆ

ಮೊದಲು ಟ್ಯಾಂಕಿನ ಮುಚ್ಚಳ ತೆಗೆಯಿರಿ. ಸುಯ್ ಎಂದು ಗಾಳಿ ಒಳಗೆ ಎಳೆದುಕೊಂಡ ಸದ್ದಾದರೆ ಮುಚ್ಚಳದ ಉಸಿರಾಟದ ರಂಧ್ರ ಮುಚ್ಚಿಹೋಗಿದೆ. ಪೆಟ್ರೋಲ್ ಖಾಲಿಯಾದಂತೆ ಟ್ಯಾಂಕಿನಲ್ಲಿ ನಿರ್ವಾತ ಬೆಳೆದು ಪಂಪು ಎಳೆಯಲಾರದೆ ಸೋಲುತ್ತದೆ. ಹತ್ತು ಹದಿನೈದು ಕಿಲೋಮೀಟರಿಗೆ ಒಮ್ಮೆ ಕರಾರುವಾಕ್ಕಾಗಿ ನಿಲ್ಲುವ ಗಾಡಿಗೆ ಇದು ಕಾರಣವಾಗಿರಬಹುದು, ಖರ್ಚು ಸೂಜಿಯಷ್ಟು.

ಆಮೇಲೆ ಪಂಪು. ಕಾಯಿಲಿನ ದಪ್ಪ ವೈರನ್ನು ಅರ್ತಿಗೆ ಕ್ಲಿಪ್ ಮಾಡಿ ಕಿಡಿ ಹಾರದಂತೆ ಮಾಡಿಕೊಳ್ಳಿ. ಕಾರ್ಬೊರೇಟರಿಗೆ ಬರುವ ಪೈಪ್ ಬಿಚ್ಚಿ ಬಾಟಲಿಯೊಳಗೆ ಇಳಿಬಿಟ್ಟು ಸೆಲ್ಫ್ ಹೊಡೆಸಿ. ಬಾಟಲಿಯನ್ನು ಎಕ್ಸಾಸ್ಟ್ ಕಡೆಯಿಂದ ದೂರ ಹಿಡಿಯಿರಿ. ಪಂಪು ಕ್ಯಾಮ್‌ಶಾಫ್ಟಿನಿಂದ ನಡೆಯುವುದರಿಂದ ಎಂಜಿನ್ನಿನ ಪ್ರತಿ ಎರಡು ಸುತ್ತಿಗೆ ಒಂದು ಧಾರೆ ಚಿಮ್ಮಬೇಕು, ಗುಳ್ಳೆಯಿಲ್ಲದೆ. ಗುಳ್ಳೆ ಬಂದರೆ ಟ್ಯಾಂಕ್ ಮತ್ತು ಪಂಪಿನ ನಡುವೆ ಎಲ್ಲೋ ಗಾಳಿ ನುಸುಳುತ್ತಿದೆ. ಹೀರುವ ಕಡೆಯ ಬಿರುಕಿನಿಂದ ಪೆಟ್ರೋಲ್ ಹೊರಗೆ ಸೋರದೇ ಇರುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಪಂಪಿನ ಕೆಳಗಿನ ಕೈ ಲಿವರ್ ಒತ್ತಿದಾಗ ಸಡಿಲವಾಗಿ ಆಡಿದರೆ ಪಂಪು ಕೆಟ್ಟಿದೆ ಎಂದುಕೊಳ್ಳಬೇಡಿ. ಕ್ಯಾಮಿನ ಉಬ್ಬು ಪಂಪಿನ ತೋಳನ್ನು ಎತ್ತಿ ಹಿಡಿದಿದ್ದರೆ ಹಾಗಾಗುತ್ತದೆ. ಎಂಜಿನ್ ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ. ಇದೇ ಹೊತ್ತಿನಲ್ಲಿ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಆಯಿಲ್ ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದರೆ ಪಂಪಿನ ಡಯಾಫ್ರಮ್ ಹರಿದು ಪೆಟ್ರೋಲ್ ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ ಇಳಿಯುತ್ತಿದೆ. ಆ ಗಾಡಿಯನ್ನು ಓಡಿಸಲೇಬಾರದು: ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತದೆ, ಬೆಂಕಿಯ ಅಪಾಯ ಬೇರೆ.

ಬೀದಿ ಬದಿಯಲ್ಲಿ ಕೆಲವರು ಕಾರ್ಬೊರೇಟರ್ ಬಾಯಿಗೆ ಪೆಟ್ರೋಲ್ ಸುರಿದು ಸ್ಟಾರ್ಟ್ ಮಾಡಿಸುತ್ತಾರೆ. ದಯವಿಟ್ಟು ಬಿಡಬೇಡಿ. ಒಂದು ಬ್ಯಾಕ್ ಫೈರಿಗೆ ಬಾನೆಟ್ ಕೆಳಗೆಲ್ಲ ಬೆಂಕಿಯಾಗುತ್ತದೆ, ಐವತ್ತು ವರ್ಷದ ಗಾಡಿಯೂ ಹೋಗುತ್ತದೆ, ಕೈ ಮುಖವೂ ಸುಡುತ್ತದೆ.

ಪಂಪು ತಣ್ಣಗಿರುವಾಗ ಸರಿ, ಬಿಸಿಗೆ ಮಾತ್ರ ಗುಳ್ಳೆ ಎಂದರೆ ಅದು ವೇಪರ್ ಲಾಕ್. ಇಲ್ಲಿನ ಗ್ಯಾರೇಜುಗಳಲ್ಲಿ ಏರ್ ಲಾಕ್ ಎನ್ನುವುದೂ ಬಹಳ ಸಲ ಇದನ್ನೇ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿ ಆಸುಪಾಸಿನಲ್ಲೇ ಆವಿಯಾಗತೊಡಗುತ್ತವೆ. ಪಂಪು ಎಳೆಯುವ ಕಡೆ ಒತ್ತಡ ಕಡಿಮೆ ಇರುವುದರಿಂದ ಅಲ್ಲಿ ಇನ್ನೂ ಬೇಗ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದು ಗಾಳಿಯ ಒತ್ತಡವೇ ಶೇ 10ರಷ್ಟು ಕಡಿಮೆ. ಹವೆ ತಂಪೆಂದು ನಾವು ಅಂದುಕೊಂಡರೂ ಈ ಒಂದು ವಿಷಯದಲ್ಲಿ ಊರು ಗಾಡಿಗೆ ಪ್ರತಿಕೂಲ. ಅಂಬಾಸಿಡರಿನ ಎಂಜಿನ್ನಿನಲ್ಲಿ ಇನ್‌ಲೆಟ್ಟೂ ಎಕ್ಸಾಸ್ಟೂ ಒಂದೇ ಮಗ್ಗುಲಲ್ಲಿರುವುದರಿಂದ ಕಾರ್ಬೊರೇಟರ್ ಬಿಸಿ ಮ್ಯಾನಿಫೋಲ್ಡಿನ ಮೇಲೇ ಕೂತಿರುತ್ತದೆ. ರಸ್ತೆಯಲ್ಲಿ ಪಂಪು ಮತ್ತು ಪೈಪಿಗೆ ಒದ್ದೆ ಬಟ್ಟೆ ಸುತ್ತಿ ಐದು ನಿಮಿಷ ಕಾಯಿರಿ. ಗಾಡಿ ಎದ್ದರೆ ರೋಗ ಖಚಿತವಾಯಿತು. ಪೈಪನ್ನು ಎಕ್ಸಾಸ್ಟಿನಿಂದ ದೂರ ಸಾಗಿಸುವುದು, ಕಳೆದುಹೋದ ಹೀಟ್ ಶೀಲ್ಡನ್ನು ಮತ್ತೆ ಹಾಕುವುದು, ಕಾರ್ಬೊರೇಟರ್ ಕೆಳಗಿನ ಶಾಖ ತಡೆಯುವ ದಪ್ಪ ಪ್ಯಾಕಿಂಗನ್ನು ಬಿಸಾಡದೆ ಇಡುವುದು: ಶಾಶ್ವತ ಪರಿಹಾರ ಇಷ್ಟೇ. ಹಿಂದೆ ಯಾರೋ ಗ್ಯಾಸ್ಕೆಟ್ ಬದಲಿಸುವಾಗ ಆ ಪ್ಯಾಕಿಂಗನ್ನು ತೆಗೆದುಬಿಟ್ಟಿರುವುದು ಬಹಳ ಗಾಡಿಗಳಲ್ಲಿ ಕಾಣುತ್ತದೆ.

ಎಥೆನಾಲ್ ವಿಷಯ ಇಲ್ಲೇ ಹೇಳಬೇಕು. ಶೇ 20 ಎಥೆನಾಲ್ ಬೆರೆತ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. ಈ ಕಾರುಗಳ ರಬ್ಬರು ಅದಕ್ಕಾಗಿ ಮಾಡಿದ್ದಲ್ಲ. ಹಳೆಯ ಹೋಸ್ ಒಳಗಿನಿಂದ ಉಬ್ಬಿ ಕರಗುತ್ತದೆ. ಹೊರಗೆ ನೋಡಿದರೆ ಸರಿಯಾಗಿಯೇ ಇರುತ್ತದೆ. ಪೈಪಿನ ತುದಿ ಕತ್ತರಿಸಿ ಬೆರಳಲ್ಲಿ ಹಿಚುಕಿ, ಕಪ್ಪು ಮಸಿ ಅಂಟಿದರೆ ಪೂರ್ತಿ ಬದಲಿಸಿ. ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರುವ ಹೋಸ್ ಎಥೆನಾಲ್ ತಡೆಯುತ್ತದೆ. ಪಂಪಿನ ಡಯಾಫ್ರಮ್ ಕೊಳ್ಳುವಾಗಲೂ ಎಥೆನಾಲ್ ತಡೆಯುವುದೇ ಎಂದು ಕೇಳಿ. ಬಹಳ ಹಳೆಯ ಗಾಡಿಗಳಲ್ಲಿ ಬೆಂಡಿನ ಫ್ಲೋಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಮಟ್ಟ ಕಾಯುವ ತೇಲು) ಇದ್ದರೆ ಅದರ ಮೇಲಿನ ಅರಗಿನ ಲೇಪ ಆಲ್ಕೊಹಾಲಿಗೆ ಕರಗಿ, ಫ್ಲೋಟ್ ಪೆಟ್ರೋಲ್ ಕುಡಿದು ಮುಳುಗುತ್ತದೆ. ಟ್ಯಾಂಕಿನ ತಳದ ತುಕ್ಕು ಸಡಿಲಾಗಿ ಜೆಟ್ಟಿಗೆ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ರಂಧ್ರ) ಬರುವುದೂ ಇದರ ಜೊತೆಗೇ. ಗಾಡಿ ಎರಡು ಮೂರು ತಿಂಗಳು ನಿಂತರೆ ಎಥೆನಾಲ್ ಎಳೆದುಕೊಂಡ ತೇವ ಬೇರ್ಪಟ್ಟು ತಳದಲ್ಲಿ ನೀರಾಗಿ ಕೂರುತ್ತದೆ. ಪಾರದರ್ಶಕ ಬಾಟಲಿಯಲ್ಲಿ ಹಿಡಿದು ಒಂದು ಗಂಟೆ ಇಟ್ಟರೆ ಕೆಳಗೆ ಪದರ ಕಾಣುತ್ತದೆ.

ಕಾರ್ಬೊರೇಟರ್ ಸೆಟ್ಟಿಂಗಿಗೂ ಇದರ ನಂಟಿದೆ. ಬರಿಯ ಪೆಟ್ರೋಲಿನ ಒಂದು ಪಾಲು ಸುಡಲು 14.7 ಪಾಲು ಗಾಳಿ ಬೇಕು, ಇ20ಕ್ಕೆ ಸುಮಾರು 13.5 ಸಾಕು. ಅಂದರೆ ಅದೇ ಜೆಟ್ಟಿನಲ್ಲಿ ಮಿಶ್ರಣ ಶೇ 8ರಷ್ಟು ತೆಳುವಾಗುತ್ತದೆ. ಇತ್ತ ಬೆಂಗಳೂರಿನ ಎತ್ತರ ಮಿಶ್ರಣವನ್ನು ಶೇ 4ರಷ್ಟು ಗಟ್ಟಿ ಮಾಡುತ್ತದೆ. ಸಮುದ್ರಮಟ್ಟದ ಲೆಕ್ಕದ ಮೂಲ ಜೆಟ್ ಇನ್ನೂ ಇದ್ದರೆ ಎರಡೂ ಅರ್ಧಕ್ಕರ್ಧ ಸರಿಹೋಗುತ್ತವೆ. ಹಿಂದೆ ಯಾರಾದರೂ ಮೈಲೇಜಿಗೆಂದು ಸಣ್ಣ ಜೆಟ್ ಹಾಕಿದ್ದರೆ ಈಗ ತೊಂದರೆ ಎದ್ದು ಕಾಣುತ್ತದೆ: ಏರಿನಲ್ಲಿ ಪಿಕಪ್ ಇಲ್ಲ, ಕಾರ್ಬೊರೇಟರಿನಲ್ಲಿ ಸೀನು, ಎಂಜಿನ್ ಬಿಸಿ. ನಂದಿ ಬೆಟ್ಟದ ಏರಿನಂಥ ಕಡೆ ಸ್ವಲ್ಪ ದೂರ ಎಳೆಸಿ, ಸುರಕ್ಷಿತ ಜಾಗದಲ್ಲಿ ಬದಿಗೆ ನಿಲ್ಲಿಸಿ, ಸ್ಲೋದಲ್ಲಿ ಬಿಡದೆ ಕೂಡಲೇ ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡಿ. ತಿಳಿ ಕಂದು ಸರಿ. ಸುಣ್ಣದ ಬಿಳುಪಾದರೆ ತೆಳು. ಒಣ ಕಪ್ಪು ಮಸಿ ಗಟ್ಟಿ. ಒದ್ದೆ ಎಣ್ಣೆಗಪ್ಪು ಆಯಿಲ್. ತೆಳುವಾಗಿದ್ದರೆ ಒಂದೇ ಒಂದು ಅಳತೆ ದೊಡ್ಡ ಮೇನ್ ಜೆಟ್ ಹಾಕಿ ನೋಡಿ. ಇದ್ದ ಜೆಟ್ಟಿಗೆ ತಂತಿ ತೂರಿಸಿ ದೊಡ್ಡದು ಮಾಡಬೇಡಿ. ಎಸ್.ಯು. ಕಾರ್ಬೊರೇಟರಾದರೆ ಪಿಸ್ಟನ್ನನ್ನು 0.8 ಮಿ.ಮೀ.ನಷ್ಟು ಎತ್ತಿ: ಎಂಜಿನ್ ವೇಗ ಏರಿ ಏರಿಯೇ ಇದ್ದರೆ ಗಟ್ಟಿ, ಕುಸಿದರೆ ತೆಳು, ತುಸು ಏರಿ ಇಳಿದರೆ ಸರಿ.

ಇನ್ನೊಂದು ಬಗೆ ಇದಕ್ಕೆ ತಿರುವುಮುರುವು. ಓಡುವಾಗ ನಿಲ್ಲುವುದಿಲ್ಲ, ಕಾಫಿಗೆಂದು ಹತ್ತು ನಿಮಿಷ ನಿಲ್ಲಿಸಿ ಬಂದರೆ ಏಳುವುದಿಲ್ಲ. ಎಂಜಿನ್ನಿನ ಶಾಖಕ್ಕೆ ಫ್ಲೋಟ್ ಚೇಂಬರಿನ ಪೆಟ್ರೋಲ್ ಕುದಿದು ಮ್ಯಾನಿಫೋಲ್ಡಿಗೆ ಉಕ್ಕಿರುತ್ತದೆ. ಚೋಕ್ ಎಳೆದರೆ ಇನ್ನೂ ಕೆಡುತ್ತದೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ; ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಿದರೆ ಸೊಲೆಕ್ಸ್ ಕಾರ್ಬೊರೇಟರಿನ ಆಕ್ಸಿಲರೇಟರ್ ಪಂಪು ಪ್ರತಿ ಸಲವೂ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ.

ಎರಡೂ ಸರಿ ಇದ್ದರೆ

ಕಿಡಿ ಇದೆ, ಪೆಟ್ರೋಲ್ ಇದೆ, ಆದರೂ ಬಿಸಿಗೆ ಸ್ಲೋದಲ್ಲಿ ಸ್ಥಿರವಾಗಿ ಓಡುವುದಿಲ್ಲ, ಎಳೆತವಿಲ್ಲ ಎಂದರೆ ಒಳಗಿನ ಗಾಳಿಯ ಲೆಕ್ಕ ನೋಡಬೇಕು. ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ಗೇಜ್ ಹಾಕಿ. ಪುಸ್ತಕಗಳಲ್ಲಿ ಸ್ಲೋದಲ್ಲಿ 17ರಿಂದ 21 ಇಂಚು ಬರಬೇಕು ಎಂದಿರುತ್ತದೆ. ಅದು ಸಮುದ್ರಮಟ್ಟದ ಮಾತು. ಪ್ರತಿ ಸಾವಿರ ಅಡಿಗೆ ಒಂದು ಇಂಚಿನಂತೆ ಕಳೆದರೆ ನಮ್ಮ ಊರಿಗೆ 14ರಿಂದ 18 ಸರಿಯಾದ ಅಂಕಿ. ಈ ಲೆಕ್ಕ ತಿಳಿಯದೆ 15 ಕಂಡು ಎಂಜಿನ್ ಬಿಚ್ಚಿಸುವುದು ಬೇಡ. ಮುಳ್ಳು ಸ್ಥಿರವಾಗಿದ್ದು ಕಡಿಮೆ ಇದ್ದರೆ ಟೈಮಿಂಗ್ (ಕಿಡಿ ಹಾರುವ ಹೊತ್ತು) ಹಿಂದಿದೆ ಅಥವಾ ಗ್ಯಾಸ್ಕೆಟ್ಟಿನಲ್ಲಿ ಗಾಳಿ ಸೋರಿಕೆ. ತಾಳ ಹಾಕಿದಂತೆ ಒಂದೇ ಲಯದಲ್ಲಿ ಕುಣಿದರೆ ಒಂದು ವಾಲ್ವ್ ಕೂರುತ್ತಿಲ್ಲ.

ಕಂಪ್ರೆಶನ್ ನೋಡುವಾಗ ನಾಲ್ಕೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ, ಎಂಜಿನ್ ಬಿಸಿ ಇರುವಾಗ ನೋಡಿ. ಇಲ್ಲೂ ಪುಸ್ತಕದ ಅಂಕಿಗಿಂತ ಶೇ 10 ಕಡಿಮೆ ಬರುವುದು ಸಹಜ. ಮುಖ್ಯವಾದದ್ದು ನಾಲ್ಕರ ನಡುವಿನ ವ್ಯತ್ಯಾಸ. ಅದು ಶೇ 10 ಮೀರಬಾರದು. ಕಡಿಮೆ ಇರುವುದಕ್ಕೆ ಒಂದು ಟೀ ಚಮಚ ಆಯಿಲ್ ಹಾಕಿ ಮತ್ತೆ ನೋಡಿದಾಗ ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ದರೆ ಹೆಡ್ ಗ್ಯಾಸ್ಕೆಟ್.

ಅಂಬಾಸಿಡರಿನ 1489 ಸಿಸಿ ಎಂಜಿನ್ನಿನಲ್ಲಿ ವಾಲ್ವ್ ಕೂರುವ ಜಾಗ ಎರಕದ ಕಬ್ಬಿಣದ ಹೆಡ್ಡಿನಲ್ಲೇ ಕೊರೆದದ್ದು. 2000ನೇ ಇಸವಿಯಲ್ಲಿ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಸೀಸ ಆ ಜಾಗಕ್ಕೆ ಒಂದು ಮೆತ್ತೆಯಂತಿತ್ತು. ಅದಿಲ್ಲದೆ ಎಕ್ಸಾಸ್ಟ್ ವಾಲ್ವ್ ಮೆಲ್ಲಗೆ ಹೆಡ್ಡಿನೊಳಗೆ ಇಳಿಯುತ್ತದೆ, ಟಪೆಟ್ ಅಂತರ (ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದು) ತಾನಾಗಿಯೇ ಮುಚ್ಚುತ್ತದೆ. ಟಪೆಟ್ ಸದ್ದು ನಿಂತುಹೋಗಿ ಎಂಜಿನ್ ಈಗ ನಯವಾಗಿದೆ ಎಂದು ಸಂತೋಷಪಡುವ ಹೊತ್ತಿಗೆ ವಾಲ್ವ್ ಸುಡುತ್ತಿರುತ್ತದೆ. ಬಿಸಿಯಾದಾಗ ಮಾತ್ರ ಒಂದು ಸಿಲಿಂಡರ್ ಸತ್ತಂತಾದರೆ ಟಪೆಟ್ ಅಳೆಯಿರಿ. ಈ ಎಂಜಿನ್ನಿಗೆ 0.015 ಇಂಚು, ಅಂದರೆ 0.38 ಮಿ.ಮೀ. ಒಂಬತ್ತರ ಲೆಕ್ಕ ನೆನಪಿಡಿ: 8ನೇ ವಾಲ್ವ್ ಪೂರ್ತಿ ತೆರೆದಿದ್ದಾಗ 1ನೆಯದು, 6 ತೆರೆದಾಗ 3, ಹೀಗೆ ಎರಡರ ಮೊತ್ತ ಯಾವಾಗಲೂ 9.

ನೀರು ಕುದಿಯುವ ದೂರಿಗೆ ಹೆಚ್ಚು ಹೇಳುವುದಿಲ್ಲ. ಇಲ್ಲಿ ತೆರೆದ ನೀರು 97 ಡಿಗ್ರಿಗೇ ಕುದಿಯುತ್ತದೆ. 7 ಪೌಂಡ್ ಒತ್ತಡದ ಒಳ್ಳೆಯ ರೇಡಿಯೇಟರ್ ಕ್ಯಾಪ್ ಅದನ್ನು ಸುಮಾರು 109ಕ್ಕೆ ಏರಿಸುತ್ತದೆ. ಆದ್ದರಿಂದ ಸಡಿಲ ಕ್ಯಾಪ್ ಒಂದೇ ಸಾಕು ಗಾಡಿ ಕುದಿಯಲು. ಬೋರ್‌ವೆಲ್ ನೀರು ಹಾಕಿದರೆ ರೇಡಿಯೇಟರಿನಲ್ಲಿ ಸ್ನಾನದ ಮನೆಯ ಗೀಜರಿನಂತೆಯೇ ಸುಣ್ಣ ಕಟ್ಟುತ್ತದೆ. ಡಿಸ್ಟಿಲ್ಡ್ ನೀರು, ಕೂಲೆಂಟ್ ಬಳಸಿ. ಕ್ಯಾಪ್, ಬೆಲ್ಟ್, ರೇಡಿಯೇಟರ್ ಸರಿ ಇದ್ದೂ ಟ್ರಾಫಿಕ್ಕಿನಲ್ಲಿ ಮುಳ್ಳು ಏರಿದರೆ ಟೈಮಿಂಗ್ ನೋಡಿ. ಪಾಯಿಂಟಿನ ಹಿಮ್ಮಡಿ (ಕ್ಯಾಮಿಗೆ ಉಜ್ಜುವ ಭಾಗ) ಸವೆದು ಅಂತರ ಕಡಿಮೆಯಾದಂತೆ ಕಿಡಿ ತಡವಾಗುತ್ತದೆ, ತಡವಾದ ಕಿಡಿಯ ಶಾಖವೆಲ್ಲ ಹೆಡ್ಡಿಗೆ ಹೋಗುತ್ತದೆ. ಪದ್ಮಿನಿಯ ಅಲ್ಯೂಮಿನಿಯಂ ಹೆಡ್ ಇದನ್ನು ಸಹಿಸುವುದಿಲ್ಲ, ಸೊಟ್ಟಗಾಗುತ್ತದೆ.

ಪಾಯಿಂಟ್ ಮುಟ್ಟಿದ ಮೇಲೆ

ಪಾಯಿಂಟ್ ಅಂತರ ಬದಲಾದರೆ ಟೈಮಿಂಗ್ ಬದಲಾಗುತ್ತದೆ. ಅದಕ್ಕಾಗಿ ಮೊದಲು ಅಂತರ, ಆಮೇಲೆ ಟೈಮಿಂಗ್. ಹಿಂದುಮುಂದಾದರೆ ಕೆಲಸ ವ್ಯರ್ಥ. ಒಂದನೇ ಸಿಲಿಂಡರ್ ಕಂಪ್ರೆಶನ್ನಿನಲ್ಲಿ ಮೇಲೆ ಬರುವಂತೆ ಎಂಜಿನ್ ತಿರುಗಿಸಿ, ಪುಲ್ಲಿಯ ಗುರುತನ್ನು ಕೈಪಿಡಿ ಹೇಳುವ ಡಿಗ್ರಿಗೆ ನಿಲ್ಲಿಸಿ. ಕೀ ಆನ್ ಮಾಡಿ ಟೆಸ್ಟ್ ಲ್ಯಾಂಪನ್ನು ಡಿಸ್ಟ್ರಿಬ್ಯೂಟರಿನ ಟರ್ಮಿನಲ್ಲಿಗೂ ಅರ್ತಿಗೂ ನಡುವೆ ಕಟ್ಟಿ. ಕೆಳಗಿನ ಕ್ಲಾಂಪ್ ಸಡಿಲಿಸಿ, ಲ್ಯಾಂಪ್ ಆರುವ ತನಕ ಡಿಸ್ಟ್ರಿಬ್ಯೂಟರನ್ನು ರೋಟರ್ ತಿರುಗುವ ದಿಕ್ಕಿಗೆ ತಿರುಗಿಸಿ, ಆಮೇಲೆ ಎದುರು ದಿಕ್ಕಿಗೆ ಕೂದಲೆಳೆಯಷ್ಟು ಸರಿಸುತ್ತ ಬನ್ನಿ. ಲ್ಯಾಂಪ್ ಹೊತ್ತಿದ ಕ್ಷಣಕ್ಕೆ ಬಿಗಿ ಮಾಡಿ. ಕೀಯನ್ನು ಆನ್‌ನಲ್ಲೇ ಮರೆತು ಹೋಗಬೇಡಿ, ಮುಚ್ಚಿದ ಪಾಯಿಂಟಿನ ಮೂಲಕ ಕರೆಂಟ್ ಹರಿದು ಕಾಯಿಲ್ ಸುಡುತ್ತದೆ.

ಹೊಸ ಪಾಯಿಂಟಿನ ಹಿಮ್ಮಡಿ ಕ್ಯಾಮಿಗೆ ಹೊಂದಿಕೊಳ್ಳುವಾಗ ಬೇಗ ಸವೆಯುತ್ತದೆ. ಕ್ಯಾಮಿಗೆ ಬೆಂಕಿಕಡ್ಡಿಯ ತಲೆಯಷ್ಟು ಗ್ರೀಸ್ ಸವರಿ, 500 ಕಿಲೋಮೀಟರ್ ಓಡಿದ ಮೇಲೆ ಅಂತರವನ್ನೂ ಟೈಮಿಂಗನ್ನೂ ಮತ್ತೊಮ್ಮೆ ನೋಡಿ.